ಜೋರಿನ ಮನೆಯ ಗಿಡ್ಡ ಬಾಗಿಲು

ಬೆಳಗಾವಿ, ಧಾರವಾಡದ ಕಡೆ ಗರಡಿಗೆ ತಾಲೀಮು ಅನ್ನುತ್ತಾರೆ. ಕಲಿಸುವವ ವಸ್ತಾದ, ಕಲಿತವ ಪೈಲ್ವಾನ, ಆಡುವುದು ಕುಸ್ತಿ. ಹನುಮಪ್ಪನ ಪಟಕ್ಕೆ ಕೈಮುಗಿದು ಅಖಾಡಕ್ಕೆ ಇಳಿಯುವ ಹುಡುಗನ ಬಾಯಲ್ಲಿ ದಿನವೂ ಓಡಾಡುವ ಈ ನಾಲ್ಕು ಮಾತುಗಳಲ್ಲಿ ಮೊದಲನೆಯದು ಅರಬ್ಬಿ ಮೂಲದ್ದು, ಉಳಿದ ಮೂರು ಪಾರಸಿ. ಪೈಲ್ವಾನರ ಜೊತೆ ಮಾತುಗಳೂ ಊರೂರು ತಿರುಗಿವೆ. ಅವುಗಳ ಬೆನ್ನು ಹತ್ತಿ ಹೋದರೆ ಸಿಗುವುದು ಇರಾನಿನ ಝೂರ್‌ಖಾನೆ. ಈ ಹೆಸರೂ ನಮಗೆ ಅಪರಿಚಿತವಲ್ಲ. ನಮ್ಮ ‘ಜೋರು’, ದವಾಖಾನೆಯ ‘ಖಾನೆ’. ಜೋರಿನ ಮನೆ.

ಈ ಮನೆಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನಾದರೂ ತಲೆ ಬಗ್ಗಿಸಿಯೇ ಒಳಗೆ ಬರಲಿ ಎಂದು ಹಳಬರು ಹಾಗೆ ಕಟ್ಟಿಸುತ್ತಿದ್ದರಂತೆ. ಒಳಗೆ ನೆಲದಲ್ಲಿ ಎಂಟು ಮೂಲೆಯ ಹೊಂಡ. ಪಕ್ಕದ ಎತ್ತರದ ಕಟ್ಟೆಯ ಮೇಲೆ ಮುರ್ಶಿದ್ ಎಂಬ ಮುಂದಾಳು ಕೂತಿರುತ್ತಾನೆ. ತೊಡೆಯ ಮೇಲೆ ದೊಡ್ಡ ಮಣ್ಣಿನ ಚರ್ಮವಾದ್ಯ, ಕೈಗೆಟುಕುವಂತೆ ತೂಗುಬಿಟ್ಟ ಗಂಟೆ. ಫಿರ್ದೌಸಿ, ಸಾದಿ, ಹಾಫಿಜರ ಪದ್ಯಗಳನ್ನು ಹಾಡುತ್ತ ಅವನು ತಾಳ ಹಾಕಿದಂತೆ ಹೊಂಡದೊಳಗಿನವರು ಸಾಮು ತೆಗೆಯುತ್ತಾರೆ. ಕಾವ್ಯವಾಚನಕ್ಕೆ ಬೆವರು ಸುರಿಸುವ ಸಭಿಕರು ಇಲ್ಲಿ ಬಿಟ್ಟರೆ ಇನ್ನೆಲ್ಲಿ ಸಿಕ್ಕಾರು!

ಸಲಕರಣೆಗಳನ್ನು ನೋಡಿದರೆ ಈ ವ್ಯಾಯಾಮದ ಹಿಂದಿನ ಯುದ್ಧ ಕಾಣುತ್ತದೆ. ಹೆಗಲ ಮೇಲಿಂದ ತಿರುಗಿಸುವ ಮರದ ‘ಮೀಲ್’ ಗದೆಯ ಬಳಗದ್ದು. ಬೆನ್ನ ಮೇಲೆ ಮಲಗಿ ಎರಡೂ ಕೈಯಲ್ಲಿ ಎತ್ತುವ ‘ಸಂಗ್’, ಗುರಾಣಿಯಂಥ ಭಾರಿ ಹಲಗೆ. ತಲೆಯ ಮೇಲೆ ಹಿಡಿದು ಅತ್ತಿಂದಿತ್ತ ತೂಗುವ ಕಬ್ಬಿಣದ ‘ಕಬ್ಬಾದೆ’ ಬಿಲ್ಲೇ ಸರಿ, ಹೆದೆಯ ಜಾಗದಲ್ಲಿ ಸರಪಳಿ. ದಂಡಿನ ಆಯುಧಗಳು ಕೊಲ್ಲುವ ಕಸುಬು ಬಿಟ್ಟು ತೂಕವನ್ನಷ್ಟೇ ಉಳಿಸಿಕೊಂಡಂತೆ. 2010ರಲ್ಲಿ ಯುನೆಸ್ಕೊ ಈ ಆಚರಣೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಂಗಸರಿಗೆ ಮಾತ್ರ ಈ ಮನೆ ಸಂಪ್ರದಾಯವಾಗಿ ಮುಚ್ಚಿಯೇ ಇತ್ತು.

ಮೈ ಕಟ್ಟಿದವನು ಪೈಲ್ವಾನನಾಗಲು ಇನ್ನೊಂದು ಬೇಕು: ಜವಾನ್‌ಮರ್ದಿ. ಅರಬ್ಬಿಯಲ್ಲಿ ಫುತುವ್ವ. ಹರೆಯದವನಿಗೆ ತಕ್ಕ ಗುಣ ಎಂಬುದು ಅಕ್ಷರಾರ್ಥ. ಕೊಡುಗೈ, ಕೊಟ್ಟ ಮಾತು, ಬಿದ್ದವನ ಮೇಲೆ ಕೈ ಎತ್ತದಿರುವುದು ಎಲ್ಲ ಇದರೊಳಗೆ ಬರುತ್ತದೆ. 1180ರಿಂದ 1225ರವರೆಗೆ ಬಾಗ್ದಾದಿನಲ್ಲಿ ಆಳಿದ ಖಲೀಫ ಅಲ್-ನಾಸಿರ್ ಫುತುವ್ವ ಹೆಸರಿನ ಯುವಕರ ಕೂಟಗಳನ್ನು ತನ್ನ ಆಸರೆಗೆ ತಂದುಕೊಂಡ. ಸೇರುವವನಿಗೆ ಷರಾಯಿ ತೊಡಿಸುವ ದೀಕ್ಷೆಯೂ ಇತ್ತು. ಎಲ್ಲರಿಗೂ ಮೇಲ್ಪಂಕ್ತಿ ಪ್ರವಾದಿಯ ಅಳಿಯ ಅಲಿ. ರೂಮಿಯ ಮಸ್ನವಿ ಕಾವ್ಯದಲ್ಲಿ ಅಲಿಯ ಒಂದು ಕಥೆಯಿದೆ. ಕೆಳಗೆ ಬಿದ್ದ ಶತ್ರು ಅಲಿಯ ಮುಖಕ್ಕೆ ಉಗುಳುತ್ತಾನೆ. ಅಲಿ ಕತ್ತಿಯನ್ನು ಪಕ್ಕಕ್ಕಿಡುತ್ತಾನೆ. ಯಾಕೆಂದರೆ ಈಗ ಕತ್ತಿ ಬೀಸಿದರೆ ಅದು ದೇವರ ಕೆಲಸವಾಗದೆ ತನ್ನ ಸಿಟ್ಟಿನ ಕೆಲಸವಾದೀತು.

ಝೂರ್‌ಖಾನೆಯವರು ತಮ್ಮ ಪಿತಾಮಹ ಎನ್ನುವುದು ಪೂರಿಯಾ ವಲಿಯನ್ನು. ಖೀವಾದ ಪಹ್ಲವಾನ್ ಮಹಮೂದ್ ಎಂಬುದೂ ಅವನದೇ ಹೆಸರು; ಚರ್ಮದ ಕಸುಬಿನವ, ಕವಿ, ಮಲ್ಲ. 1322ರ ಸುಮಾರಿಗೆ ತೀರಿಕೊಂಡ. ಇಂದಿನ ಉಜ್ಬೆಕಿಸ್ತಾನದ ಖೀವಾದಲ್ಲಿರುವ ಅವನ ಗೋರಿಗೆ ಜನ ಈಗಲೂ ಹೋಗುತ್ತಾರೆ. ಕುಸ್ತಿಯ ಹಿಂದಿನ ದಿನ ಮಸೀದಿಯಲ್ಲಿ ಮುದುಕಿಯೊಬ್ಬಳು ಮಗ ಗೆಲ್ಲಲೆಂದು ಅಳುತ್ತಾ ಬೇಡಿಕೊಳ್ಳುವುದು ಅವನ ಕಿವಿಗೆ ಬಿತ್ತಂತೆ. ಆ ಮಗನೇ ಮಾರನೆಯ ದಿನದ ಎದುರಾಳಿ. ಕೆಲವರ ಬಾಯಲ್ಲಿ ಅವನು ಹಿಂದೂಸ್ತಾನದವನು. ಪೂರಿಯಾ ಬೇಕೆಂದೇ ಚಿತ್ತಾದ. ಇತಿಹಾಸವೋ ಕಟ್ಟುಕಥೆಯೋ, ಒಂದು ಮಲ್ಲಕುಲ ತನ್ನ ಮೂಲಪುರುಷನ ಕಥೆಯೆಂದು ಸೋತ ಪಂದ್ಯವನ್ನೇ ಆರಿಸಿಕೊಂಡಿದೆಯಲ್ಲ, ನನಗೆ ಅದೇ ದೊಡ್ಡದು.

ಹಾಗೆಂದು ಬಾಗಿಲಲ್ಲಿ ತಲೆ ಬಗ್ಗಿಸಿದವರೆಲ್ಲ ಸಂತರಾಗಲಿಲ್ಲ. ಟೆಹರಾನಿನ ಶಾಬಾನ್ ಜಾಫರಿಯೂ ಈ ಹೊಂಡದಲ್ಲೇ ಮೈ ಬೆಳೆಸಿದವನು. ಊರವರು ಇಟ್ಟ ಅಡ್ಡಹೆಸರು ‘ಮಿದುಳಿಲ್ಲದ ಶಾಬಾನ್’. 1953ರಲ್ಲಿ ಪ್ರಧಾನಿ ಮೊಸಾದೆಗ್ ವಿರುದ್ಧ ಬೀದಿಗಿಳಿದ, ಇರಾನಿನ ದೊರೆ ಶಾ ಪರ ಪುಂಡರ ನಾಯಕರಲ್ಲಿ ಅವನದೇ ದೊಡ್ಡ ಹೆಸರು. ಆಮೇಲೆ ಶಾ ಕೃಪೆಯಿಂದ ಅವನಿಗೊಂದು ಭವ್ಯ ಝೂರ್‌ಖಾನೆಯೂ ಆಯಿತು.

ಅದೇ ಊರಿನ ಘೊಲಾಮ್‌ರೆಜಾ ತಖ್ತಿ ಮೊಸಾದೆಗ್ ಕಡೆಯವನು. 1930ರಲ್ಲಿ ಬಡವರ ಖಾನಿಯಾಬಾದ್ ಕೇರಿಯಲ್ಲಿ ಹುಟ್ಟಿದವ. ಒಲಿಂಪಿಕ್ಸ್ ಕುಸ್ತಿಯಲ್ಲಿ 1952ರ ಹೆಲ್ಸಿಂಕಿಯಲ್ಲಿ ಬೆಳ್ಳಿ, 1956ರ ಮೆಲ್ಬರ್ನ್‌ನಲ್ಲಿ ಚಿನ್ನ, 1960ರ ರೋಮ್‌ನಲ್ಲಿ ಮತ್ತೆ ಬೆಳ್ಳಿ. ಆದರೆ ಇರಾನಿಗರು ಬಾಯಿಂದ ಬಾಯಿಗೆ ದಾಟಿಸುವುದು ಸೋವಿಯತ್ ಮಲ್ಲ ಅಲೆಕ್ಸಾಂಡರ್ ಮೆದ್ವೆದ್ ಜೊತೆಗಿನ ಕುಸ್ತಿಯನ್ನು. ಎದುರಾಳಿಯ ಒಂದು ಮೊಣಕಾಲಿಗೆ ಪೆಟ್ಟಾಗಿದೆ ಎಂದು ತಿಳಿದ ತಖ್ತಿ ಕೊನೆಯವರೆಗೂ ಆ ಕಾಲಿಗೆ ಕೈ ಹಾಕಲಿಲ್ಲವಂತೆ. ಗೆಲ್ಲಲೂ ಇಲ್ಲ.

1968ರ ಜನವರಿಯಲ್ಲಿ ಟೆಹರಾನಿನ ಹೋಟೆಲೊಂದರ ಕೋಣೆಯಲ್ಲಿ ಅವನ ಹೆಣ ಸಿಕ್ಕಿತು. ಸರ್ಕಾರ ಆತ್ಮಹತ್ಯೆ ಎಂದಿತು, ಬಹಳ ಜನ ನಂಬಲಿಲ್ಲ. ಅವನ ಮಾತು ಬಂದರೆ ಹಳಬರು ಈಗಲೂ ಎತ್ತುವುದು 1962ರ ಸೆಪ್ಟೆಂಬರನ್ನು. ಬುಯಿನ್ ಜಹ್ರಾ ಭೂಕಂಪದಲ್ಲಿ 12 ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಒಲಿಂಪಿಕ್ ಚಿನ್ನ ಗೆದ್ದ ಆ ಪೈಲ್ವಾನ ಟೆಹರಾನಿನ ಬೀದಿಯಲ್ಲಿ ಕೈಯೊಡ್ಡಿ ನಡೆದ. ಅಂಗಡಿಯವರು, ಕೂಲಿಯವರು ದುಡ್ಡು ಹಾಕಿದರು. ದುಡ್ಡಿಲ್ಲದವರು ಮನೆಯ ಕಂಬಳಿ ತಂದರು.