ಎಡೆಬಿಡದ ಚಿಂತೆ ಮತ್ತು ಮೆದುಳಿನ ಕವಲುಗಳು

ಬೈಗಿನ ಹೊತ್ತಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆದು ಬರುವಾಗ ಕಾಲ ಬಳಿ ಹಾವೊಂದು ಸರಿದರೆ ನಮಗೇನಾಗುತ್ತದೆ? ಎದೆ ಡವಡವನೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಆಲೋಚಿಸುವ ಮೊದಲೇ ಕಾಲು ಹಿಂದಕ್ಕೆ ಜಿಗಿದಿರುತ್ತದೆ. ಹಾವು ಪೊದೆಯೊಳಗೆ ಮರೆಯಾದ ಸ್ವಲ್ಪ ಹೊತ್ತಿಗೆ ಎಲ್ಲವೂ ಮೊದಲಿನಂತಾಗುತ್ತದೆ. ಇದು ಪ್ರಕೃತಿಯು ನಮಗಿತ್ತಿರುವ ರಕ್ಷಣೆ. ಆದರೆ ಪರೀಕ್ಷೆಯ ಭಯ, ಸಾಲದ ಚಿಂತೆ, ಮನೆಯೊಳಗಿನ ಕಲಹ ಇವು ಹಾವಿನಂತೆ ಸರಿದುಹೋಗುವುವಲ್ಲ. ತಿಂಗಳುಗಟ್ಟಲೆ ಹೆಡೆಯೆತ್ತಿಯೇ ನಿಂತಿರುತ್ತವೆ. ಆಗ ನಮ್ಮ ಮೆದುಳಿಗೆ ಏನಾಗುತ್ತದೆಂಬುದನ್ನು ವಿಚಾರಿಸೋಣ.

ಅಪಾಯದ ಸೂಚನೆ ದೊರೆತೊಡನೆ ಮೆದುಳಿನ ತಳಭಾಗದಲ್ಲಿರುವ ಹೈಪೋಥಲಮಸ್, ತನ್ನ ಕೆಳಗಿರುವ ಪಿಟ್ಯೂಟರಿ ಗ್ರಂಥಿಗೆ ಅಪ್ಪಣೆ ಕಳುಹಿಸುತ್ತದೆ. ಪಿಟ್ಯೂಟರಿಯು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳನ್ನು ರಕ್ತದ ಮೂಲಕ ಎಚ್ಚರಿಸುತ್ತದೆ. ಅವು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದರಿಂದ ರಕ್ತದಲ್ಲಿ ಸಕ್ಕರೆಯ ಅಂಶವೇರಿ ದೇಹಕ್ಕೆ ಬೇಕಾದ ಶಕ್ತಿಯೊದಗುತ್ತದೆ. ಈ ಬಗೆಯ ಹಾರ್ಮೋನು ಮೆದುಳನ್ನೂ ತಲುಪಿ, ಹಿಪ್ಪೋಕ್ಯಾಂಪಸ್ ಎಂಬ ಭಾಗದ ನರಕೋಶಗಳಲ್ಲಿ ವಿಶೇಷವಾಗಿ ನೆಲೆಗೊಳ್ಳುತ್ತದೆಂಬುದನ್ನು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಬ್ರೂಸ್ ಮೆಕ್ಯೂವೆನ್ ಮತ್ತು ಅವರ ಸಂಗಡಿಗರು 1968ರಲ್ಲಿ ಇಲಿಗಳಲ್ಲಿ ಕಂಡುಕೊಂಡರು. ಕಡಲಕುದುರೆಯ ಆಕಾರವನ್ನು ಹೋಲುವುದರಿಂದ ಆ ಭಾಗಕ್ಕೆ ಆ ಹೆಸರು. ಹೊಸ ಸಂಗತಿಗಳನ್ನು ನೆನಪಿನಲ್ಲಿ ನಿಲ್ಲಿಸುವುದು ಅದರ ಮುಖ್ಯ ಕಾರ್ಯ. ನೆನಪಿನ ಮನೆಗೇ ಹೋಗಿ ಸೇರುವ ಈ ಹಾರ್ಮೋನು ಅಲ್ಲಿ ಮಾಡುವುದಾದರೂ ಏನು?

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳುಂಟು. ಅವು ಮರಗಳಂತೆ ಕವಲೊಡೆದಿರುತ್ತವೆ. ಇತರ ಕೋಶಗಳಿಂದ ಹೊರಟ ಸಂದೇಶಗಳು ಬಂದು ಸೇರುವುದು ಬಹುಮಟ್ಟಿಗೆ ಈ ಕವಲುಗಳ ಮೇಲೆಯೇ. ಕವಲುಗಳು ಕುಗ್ಗಿದರೆ ಸಂದೇಶಗಳಿಗೆ ಎಡೆ ಕಡಿಮೆ. ಹಬ್ಬಿದರೆ ಎಡೆ ಹೆಚ್ಚು.

ಈ ಕವಲುಗಳನ್ನು ಕುರಿತು ನಮ್ಮ ಬೆಂಗಳೂರಿನಲ್ಲಿಯೇ ಒಂದು ಮಹತ್ವದ ಪ್ರಯೋಗ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಅವರ ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನಗಳ ಕಾಲ ಅಲುಗಾಡದಂತೆ ಬಂಧಿಸಿಟ್ಟರು. ತರುವಾಯ ಅವುಗಳ ನರಕೋಶಗಳಿಗೆ ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ಕವಲುಗಳನ್ನು ಅಳೆದರು. ಹಿಪ್ಪೋಕ್ಯಾಂಪಸಿನಲ್ಲಿ ಕವಲುಗಳು ಕುಗ್ಗಿದ್ದುವು. ಆದರೆ ಭಯವನ್ನು ಗುರುತಿಸುವ, ಬಾದಾಮಿಯಾಕಾರದ ಅಮಿಗ್ಡಲದಲ್ಲಿ ಅವು ಮತ್ತಷ್ಟು ಹಬ್ಬಿದ್ದುವು! ಒಂದೇ ಒತ್ತಡದಿಂದ ನೆನಪಿನ ಮರ ಸೊರಗಿತು. ಭಯದ ಮರ ಚಿಗುರಿತು. ಈ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. 2004ರಲ್ಲಿ ಅವರು ಇನ್ನೊಂದು ಸಂಗತಿಯನ್ನು ತಿಳಿಸಿದರು. ಬಂಧನ ಮುಗಿದ ಮೇಲೆ ಇಲಿಗಳನ್ನು 21 ದಿನ ನೆಮ್ಮದಿಯಾಗಿ ಬಿಟ್ಟಾಗ ಹಿಪ್ಪೋಕ್ಯಾಂಪಸಿನ ಕವಲುಗಳು ಚೇತರಿಸಿಕೊಂಡುವು. ಅಮಿಗ್ಡಲದವು ಮಾತ್ರ ಹಬ್ಬಿದಂತೆಯೇ ಇದ್ದುವು. ಇಲಿಗಳ ಅಂಜಿಕೆಯೂ ಇಳಿಯಲಿಲ್ಲ.

ಇಲಿಗಾದುದೆಲ್ಲವೂ ಮನುಷ್ಯನಿಗೂ ಹಾಗೆಯೇ ಆಗುತ್ತದೆಂದು ಹೇಳುವುದು ಸಲ್ಲದು. ಜೀವಂತ ಮನುಷ್ಯನ ಮೆದುಳಿನ ಕವಲುಗಳನ್ನು ಹಾಗೆ ಅಳೆಯಲು ಬರುವಂತಿಲ್ಲ. ಆದರೆ ಕಾಂತೀಯ ಅನುರಣನ ಯಂತ್ರದ ನೆರವಿನಿಂದ, ಯಾವ ಯಾವ ಭಾಗಗಳು ಒಂದೇ ಲಯದಲ್ಲಿ ಕೆಲಸ ಮಾಡುತ್ತಿವೆ, ಎಂದರೆ ಯಾವುವುಗಳ ನಡುವೆ ಸಂಪರ್ಕ ಬಲವಾಗಿದೆ ಎಂಬುದನ್ನು ತಿಳಿಯಬಹುದು. ಅಮೆರಿಕದಲ್ಲಿ ದೊಡ್ಡದೊಂದು ಪರೀಕ್ಷೆಗೆ ಓದುತ್ತ ಒತ್ತಡದಲ್ಲಿದ್ದ 20 ಮಂದಿ ವೈದ್ಯ ವಿದ್ಯಾರ್ಥಿಗಳನ್ನು ಕಾನರ್ ಲಿಸ್ಟನ್, ಮೆಕ್ಯೂವೆನ್ ಮತ್ತು ಬಿ. ಜೆ. ಕೇಸಿ ಹೀಗೆ ಪರೀಕ್ಷಿಸಿ, ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಹಣೆಯ ಹಿಂಬದಿಯಲ್ಲಿರುವ, ಗಮನವನ್ನು ಹತೋಟಿಯಲ್ಲಿಡುವ ಭಾಗಕ್ಕೂ ಇತರ ಭಾಗಗಳಿಗೂ ನಡುವಣ ಸಂಪರ್ಕ ಸಡಿಲವಾಗಿತ್ತು. ಗಮನವನ್ನು ಒಂದು ವಿಷಯದಿಂದ ಮತ್ತೊಂದಕ್ಕೆ ಹೊರಳಿಸುವುದು ಅವರಿಗೆ ಕಷ್ಟವಾಗುತ್ತಿತ್ತು. ಸಂತೋಷದ ಸಂಗತಿಯೆಂದರೆ, ಒತ್ತಡ ಇಳಿದು ಒಂದು ತಿಂಗಳು ಕಳೆದ ಮೇಲೆ ಪರೀಕ್ಷಿಸಿದಾಗ ಈ ದೋಷಗಳು ನೀಗಿದ್ದುವು.

ಇದರಿಂದ ವಿದ್ಯಾರ್ಥಿಗಳಾದವರು ಅರಿಯಬೇಕಾದುದು ಎರಡು ಮಾತು. ಓದಿದ ಪುಟವನ್ನೇ ಮತ್ತೆ ಮತ್ತೆ ಓದಿದರೂ ತಲೆಗೆ ಹತ್ತದಿದ್ದರೆ ನಾವು ದಡ್ಡರಾದೆವೆಂದು ಹಳಿದುಕೊಳ್ಳಬೇಕಾಗಿಲ್ಲ. ದಣಿದ ಮೆದುಳು ಬಿಡುವನ್ನು ಕೇಳುತ್ತಿರಬಹುದು. ನಿದ್ರೆ, ಆಟ, ಗೆಳೆಯರೊಡನೆ ನಗೆಮಾತು ಇವು ಓದಿಗೆ ವೈರಿಗಳಲ್ಲ. ಎರಡನೆಯದಾಗಿ, ಕಷ್ಟ ಕಳೆದ ಮೇಲೆಯೂ ಅಂಜಿಕೆ ಉಳಿದಿರುವ ಗೆಳೆಯನನ್ನು ಕಂಡು, “ಎಲ್ಲ ಮುಗಿಯಿತಲ್ಲ, ಇನ್ನೇಕೆ ಹೆದರುತ್ತೀಯೆ?” ಎಂದು ನಾವು ಹಾಸ್ಯ ಮಾಡಬಾರದು. ಅವನ ಪಾಲಿಗೆ ಅದು ಇನ್ನೂ ಮುಗಿದಿಲ್ಲದಿರಬಹುದು. ಮುರಿದ ಕೈಗೆ ವೈದ್ಯರನ್ನು ಕಾಣಲು ನಾವು ನಾಚುವುದಿಲ್ಲ. ಬಿಡದ ಅಂಜಿಕೆಗೂ ಹಾಗೆಯೇ ಚಿಕಿತ್ಸೆಯುಂಟು. ಅವನ ಜೊತೆಗೂಡಿ ವೈದ್ಯರ ಬಳಿಗೆ ಹೋಗುವುದೇ ನಿಜವಾದ ಗೆಳೆತನ.