ಸಾವಿರದಲ್ಲಿ ಏಳು

ಗಣಿಯಿಂದ ತೆಗೆದು ಶುದ್ಧ ಮಾಡಿದ ಯುರೇನಿಯಂನಲ್ಲಿ ಸಾವಿರ ಪರಮಾಣು ಎಣಿಸಿದರೆ ಏಳು ಮಾತ್ರ ಯುರೇನಿಯಂ-235. ಮಿಕ್ಕವು ಹೆಚ್ಚುಕಡಿಮೆ ಎಲ್ಲವೂ ಯುರೇನಿಯಂ-238. ದೀಪ ಉರಿಸುವ ರಿಯಾಕ್ಟರಿಗೂ ಊರು ಸುಡುವ ಬಾಂಬಿಗೂ ಬೇಕಾದದ್ದು ಆ ಏಳು. ಇರಾನ್ ಹೆಸರಿನಲ್ಲಿ ಎರಡು ದಶಕಗಳಿಂದ ನಡೆದ ಸಂಧಾನ, ನಿರ್ಬಂಧ, ಗುಪ್ತ ವಿಧ್ವಂಸ, ಕೊನೆಗೆ ಯುದ್ಧ, ಎಲ್ಲದರ ನಡುವೆ ಇರುವುದು ಇದೇ ಏಳರ ಲೆಕ್ಕ.

ಈ ಏಳನ್ನು ಬೇರ್ಪಡಿಸುವುದು ಎಷ್ಟು ಕಷ್ಟವೆಂದು ಮೊದಲು ನೋಡಬೇಕು. ರಸಾಯನಶಾಸ್ತ್ರದ ಕಣ್ಣಿಗೆ ಎರಡೂ ಒಂದೇ. ಯಾವ ಆಮ್ಲ ಹಾಕಿದರೂ ಒಂದು ಕರಗಿ ಇನ್ನೊಂದು ಉಳಿಯುವುದಿಲ್ಲ. ವ್ಯತ್ಯಾಸ ಇರುವುದು ತೂಕದಲ್ಲಿ. ಯುರೇನಿಯಂ ಅನ್ನು ಹೆಕ್ಸಾಫ್ಲೋರೈಡ್ ಅನಿಲವಾಗಿಸಿದಾಗ ಹಗುರಾದದ್ದರ ಅಣುತೂಕ 349, ಭಾರದ್ದು 352. ಅಂತರ ಶೇ 1ಕ್ಕಿಂತಲೂ ಕಡಿಮೆ. ಆ ಅಂತರವನ್ನು ಹಿಡಿಯಲು ಹತ್ತು ಸೆಂಟಿಮೀಟರ್ ಅಗಲದ ಕೊಳವೆಯನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿಸಬೇಕು. ಅದೇ ಸೆಂಟ್ರಿಫ್ಯೂಜ್. ಭಾರದ ಅನಿಲ ಗೋಡೆಯ ಕಡೆಗೆ ಸರಿಯುತ್ತದೆ, ಹಗುರಾದದ್ದು ನಡುವೆ ಉಳಿಯುತ್ತದೆ. ಒಂದು ಯಂತ್ರ ಬೇರ್ಪಡಿಸುವುದು ತೀರ ಅಲ್ಪ. ಆದ್ದರಿಂದ ನೂರಾರು ಯಂತ್ರಗಳನ್ನು ಸಾಲಾಗಿ ಜೋಡಿಸಿ, ಒಂದರ ಫಲವನ್ನು ಮುಂದಿನದಕ್ಕೆ ಉಣಿಸುತ್ತ ಹೋಗುತ್ತಾರೆ. ಇರಾನಿನ ಐಆರ್-1 ಯಂತ್ರದ ವಿನ್ಯಾಸ ಪಾಕಿಸ್ತಾನದ ಎ.ಕ್ಯೂ. ಖಾನ್ ಜಾಲದಿಂದ ಬಂದದ್ದು.

ನನ್ನನ್ನು ಬಹಳ ಕಾಲ ಕಾಡಿದ್ದು ಇದರ ಮುಂದಿನ ಲೆಕ್ಕ. ಸಾವಿರ ರಾಗಿ ಕಾಳಿನಲ್ಲಿ ಏಳು ಕೆಂಪು ಕಾಳು ಬೆರೆತಿವೆ ಎಂದುಕೊಳ್ಳಿ. ಕೆಂಪು ಕಾಳು ಒಂದೂ ಕಳೆದುಹೋಗದಂತೆ ಬೇಡದವನ್ನು ಆರಿಸಿ ಬಿಸಾಡುತ್ತ ಹೋಗಬೇಕು. ವಿದ್ಯುತ್ ರಿಯಾಕ್ಟರಿಗೆ ಸಾಲುವ ಶೇ 3.67ಕ್ಕೆ ಬರಬೇಕಾದರೆ ರಾಶಿಯಲ್ಲಿ 191 ಕಾಳು ಉಳಿಯಬೇಕು, ಅಂದರೆ 809 ಕಾಳು ಆಗಲೇ ಹೊರಗೆ. ಶೇ 20ಕ್ಕೆ ಬಂದಾಗ ಉಳಿಯುವುದು 35. ಶೇ 60ಕ್ಕೆ 12. ಬಾಂಬಿಗೆ ಹೇಳುವ ಶೇ 90ಕ್ಕೆ 8. ಅಂಕಿಯಲ್ಲಿ 60ರಿಂದ 90 ದೂರ ಕಾಣುತ್ತದೆ. ಕೆಲಸದಲ್ಲಿ ಅದು ನಾಲ್ಕು ಕಾಳು! ಶೇ 3.67 ಎಂಬ ಸಣ್ಣ ಅಂಕಿ ಮುಟ್ಟುವಷ್ಟರಲ್ಲಿ ಹಾದಿಯ ಬಹುಪಾಲು ಮುಗಿದಿರುತ್ತದೆ. ಸಂಧಾನದ ಮೇಜಿನಲ್ಲಿ ದಶಾಂಶದ ಬಿಂದುವಿಗಾಗಿ ರಾತ್ರಿಯೆಲ್ಲ ಏಕೆ ಕಾದಾಡುತ್ತಾರೆ ಎಂಬುದು ಈ ಲೆಕ್ಕ ಮಾಡಿದವರಿಗೆ ಮಾತ್ರ ತಿಳಿಯುತ್ತದೆ.

ಈ ವಿದ್ಯೆ ನಮಗೆ ದೂರದ್ದೇನಲ್ಲ. ಕೈಗಾದ ರಿಯಾಕ್ಟರುಗಳು ಭಾರಜಲ ಬಳಸುವುದರಿಂದ ಸಾವಿರದಲ್ಲಿ ಏಳು ಇರುವ ನೈಸರ್ಗಿಕ ಯುರೇನಿಯಂನಲ್ಲೇ ಓಡುತ್ತವೆ. ಮೈಸೂರಿನ ಬಳಿಯ ರತ್ನಹಳ್ಳಿಯಲ್ಲಿ ಭಾರತದ ಸೆಂಟ್ರಿಫ್ಯೂಜ್‌ಗಳಿವೆ. ಆದರೆ ಭಾರತ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಇರಾನ್ 1968ರಲ್ಲೇ ಹಾಕಿತು. ಆ ಸಹಿಯಿಂದಾಗಿ ಅದು ಪ್ರತಿ ಗ್ರಾಂಗೂ ಉತ್ತರ ಕೊಡಬೇಕು. 2002ರಲ್ಲಿ ನತಾಂಜ್‌ನ ಸೆಂಟ್ರಿಫ್ಯೂಜ್ ಸ್ಥಾವರ, 2009ರಲ್ಲಿ ಕೋಮ್ ಬಳಿಯ ಬೆಟ್ಟದ ಹೊಟ್ಟೆಯಲ್ಲಿದ್ದ ಫೋರ್ಡೋ ಸ್ಥಾವರ ಬಯಲಾದದ್ದು ಇರಾನ್ ಸಕಾಲಕ್ಕೆ ತಾನಾಗಿ ಹೇಳಿದ್ದರಿಂದಲ್ಲ. ಅನುಮಾನ ಹುಟ್ಟಿದ್ದು ಅಲ್ಲಿ, ಮತ್ತು ಅದಕ್ಕೆ ಕಾರಣವಿತ್ತು.

2003ರಲ್ಲಿ ಇರಾನ್ ಬಳಿ ಪ್ರಯೋಗಕ್ಕೆ ಜೋಡಿಸಿದ್ದ ಯಂತ್ರಗಳು 164. 2005ರ ಮಾತುಕತೆಯಲ್ಲಿ ಸುಮಾರು 3,000 ಯಂತ್ರಗಳಿಗೆ ಹಂತಹಂತವಾಗಿ ಒಪ್ಪಿಗೆ ಕೊಡಿ ಎಂದು ಇರಾನ್ ಯುರೋಪಿನ ಮುಂದೆ ಪ್ರಸ್ತಾವ ಇಟ್ಟಿತು. ಒಂದೂ ಕೂಡದು ಎಂಬುದು ಎದುರಿನವರ ಪಟ್ಟು. ಮಾತು ಮುರಿಯಿತು. ಭದ್ರತಾ ಮಂಡಳಿಯ ನಿರ್ಣಯಗಳು ಒಂದರ ಮೇಲೊಂದು ಬಂದವು. ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವೈರಸ್ ನತಾಂಜ್‌ನಲ್ಲಿ ಸುಮಾರು ಸಾವಿರ ಯಂತ್ರಗಳನ್ನು ಕೆಡಿಸಿತು ಎಂಬುದು ತಜ್ಞರ ಅಂದಾಜು. ಇಷ್ಟೆಲ್ಲ ಆದ ಮೇಲೆ, 2013ರ ಹೊತ್ತಿಗೆ ಇರಾನಿನಲ್ಲಿದ್ದ ಯಂತ್ರಗಳು ಸುಮಾರು 19,000. ಶೂನ್ಯ ಬೇಕೆಂದು ಹಟ ಹಿಡಿದು 3,000 ನಿರಾಕರಿಸಿದವರಿಗೆ ಸಿಕ್ಕಿದ್ದು ಅದರ ಆರು ಪಟ್ಟು.

ನಿರ್ಬಂಧದ ಭಾರ ಇರಾನಿನ ಜನರ ಮೇಲೆ ಬಿದ್ದದ್ದು ಒಂದು ಕಡೆ. ಅದರ ಅಲೆ ಮಂಗಳೂರಿಗೂ ಬಡಿಯಿತು. ಇರಾನಿನ ಕಚ್ಚಾತೈಲವನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ಭಾರತೀಯ ಕಂಪನಿಗಳಲ್ಲಿ ಅಲ್ಲಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಮುಂಚೂಣಿಯಲ್ಲಿತ್ತು. 2012ರಲ್ಲಿ ಯುರೋಪಿನ ವಿಮೆ ನಿಂತಾಗ ಹಡಗುಗಳಿಗೇ ತೊಡಕಾಯಿತು. ಡಾಲರ್ ಕೊಡಲಾಗದೆ ಹಣದ ಒಂದು ಪಾಲನ್ನು ಯೂಕೊ ಬ್ಯಾಂಕಿನಲ್ಲಿ ರೂಪಾಯಿಯಾಗಿ ಇಡಬೇಕಾಯಿತು.

ಕೊನೆಗೆ 2015. ಒಂದು ಕಡೆ ಇರಾನ್. ಇನ್ನೊಂದು ಕಡೆ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್, ಜರ್ಮನಿ, ಜೊತೆಗೆ ಯುರೋಪಿಯನ್ ಒಕ್ಕೂಟ. ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಊರುಗೋಲಿನ ಮೇಲೆ ವಿಯೆನ್ನಾಕ್ಕೆ ಬಂದಿದ್ದರು. ಲೆಕ್ಕದ ಭಾಗವನ್ನು ಹೊತ್ತವರು ಇಬ್ಬರು ವಿಜ್ಞಾನಿಗಳು. ಅಮೆರಿಕದ ಇಂಧನ ಸಚಿವ ಅರ್ನೆಸ್ಟ್ ಮೊನಿಜ್ ಎಂಐಟಿಯಲ್ಲಿ ಭೌತಶಾಸ್ತ್ರ ಕಲಿಸಿದವರು. ಇರಾನಿನ ಅಲಿ ಅಕ್ಬರ್ ಸಾಲೇಹಿ ಅದೇ ಎಂಐಟಿಯಿಂದ 1977ರಲ್ಲಿ ಡಾಕ್ಟರೇಟ್ ಪಡೆದವರು. ರಾಜತಾಂತ್ರಿಕ ಸಂಬಂಧವೇ ಇಲ್ಲದ ಎರಡು ದೇಶಗಳ ಈ ಇಬ್ಬರಿಗೆ ಸೆಂಟ್ರಿಫ್ಯೂಜ್‌ನ ಸಾಮರ್ಥ್ಯದ ಬಗ್ಗೆ ಒಬ್ಬರಿಗೊಬ್ಬರು ಸುಳ್ಳು ಹೇಳಲು ಸಾಧ್ಯವಿರಲಿಲ್ಲ. ಒಪ್ಪಂದ ಸಾಧ್ಯವಾದದ್ದರಲ್ಲಿ ಇದರ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಜುಲೈ 14ರಂದು ಹೊರಬಂದ ಪಠ್ಯ, ಅನುಬಂಧ ಸೇರಿ, 159 ಪುಟ. ಅದರೊಳಗಿನ ಅಂಕಿಗಳನ್ನು ನೋಡಿ. ಸುಮಾರು 19,000 ಯಂತ್ರಗಳು 6,104ಕ್ಕೆ ಇಳಿಯಬೇಕು. ಅವುಗಳಲ್ಲಿ ಯುರೇನಿಯಂ ಸಂವರ್ಧನೆ, ಅಂದರೆ ಯುರೇನಿಯಂ-235ರ ಪಾಲು ಹೆಚ್ಚಿಸುವ ಕೆಲಸ, ಮಾಡಬಹುದಾದದ್ದು 5,060. ಸಂವರ್ಧನೆಯ ಮಟ್ಟ ಹದಿನೈದು ವರ್ಷ ಶೇ 3.67 ದಾಟಕೂಡದು. ದಾಸ್ತಾನು 300 ಕಿಲೋ ಮೀರಕೂಡದು. ಅನುಮಾನ ಬಂದ ಸ್ಥಳಕ್ಕೆ ಪ್ರವೇಶ ಕೊಡುವ ವಿವಾದ 24 ದಿನಗಳಲ್ಲಿ ಮುಗಿಯಬೇಕು. ಈ ಎಲ್ಲ ಅಂಕಿಗಳ ಗುರಿ ಒಂದೇ ಅಂಕಿ. ಇರಾನ್ ಮನಸ್ಸು ಮಾಡಿದರೆ ಒಂದು ಬಾಂಬಿಗೆ ಬೇಕಾದ ಯುರೇನಿಯಂ ತಯಾರಿಸಲು ಹಿಡಿಯುವ ಕಾಲ ಎರಡು ಮೂರು ತಿಂಗಳಿನಿಂದ ಒಂದು ವರ್ಷಕ್ಕೆ ಏರಬೇಕು. ಏಳು ಕಡೆಯವರು ವರ್ಷಗಟ್ಟಲೆ ಕುಳಿತು ಸಂಪಾದಿಸಿದ್ದು ಒಂಬತ್ತು ಹತ್ತು ತಿಂಗಳ ಎಚ್ಚರಿಕೆ. ಅದು ಸಣ್ಣ ಗಳಿಕೆ ಎಂದವರಿದ್ದಾರೆ. ಬಾಂಬಿನ ಮುಂದೆ ಹತ್ತು ತಿಂಗಳು ಬಹಳ ದೊಡ್ಡ ಕಾಲ.

ಒಪ್ಪಂದ ಕಾಗದದಲ್ಲೇ ಉಳಿಯಲಿಲ್ಲ. 2015ರ ಡಿಸೆಂಬರ್ 28ರಂದು 11,000 ಕಿಲೋಗೂ ಹೆಚ್ಚು ಸಂವರ್ಧಿತ ಯುರೇನಿಯಂ ಹೊತ್ತ ಹಡಗು ಇರಾನಿನಿಂದ ರಷ್ಯಾಕ್ಕೆ ಹೊರಟಿತು. ಅರಾಕ್ ರಿಯಾಕ್ಟರಿನ ಒಡಲಿಗೆ ಕಾಂಕ್ರೀಟ್ ಸುರಿಯಲಾಯಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಅಂದರೆ ಐಎಇಎ, ಸುಮಾರು 2,000 ಮುದ್ರೆಗಳನ್ನು ಒತ್ತಿತು. ಅದರ ತನಿಖಾಧಿಕಾರಿಗಳು ವರ್ಷಕ್ಕೆ ಒಟ್ಟು 3,000 ದಿನಗಳಷ್ಟು ಇರಾನಿನ ನೆಲದ ಮೇಲಿರುತ್ತಿದ್ದರು. ಕ್ಯಾಮೆರಾಗಳು ದಿನಕ್ಕೆ ಲಕ್ಷಗಟ್ಟಲೆ ಚಿತ್ರ ತೆಗೆದವು. ಒಂದು ದೇಶದ ನೆಲಮಾಳಿಗೆಯನ್ನು ಇಷ್ಟು ಹತ್ತಿರದಿಂದ, ಅದರದೇ ಒಪ್ಪಿಗೆಯಿಂದ ನೋಡಿದ ಉದಾಹರಣೆ ಬಹಳ ಅಪರೂಪ.

2018ರ ಮೇ 8ರಂದು ಟ್ರಂಪ್ ಅಮೆರಿಕವನ್ನು ಒಪ್ಪಂದದಿಂದ ಹೊರತಂದರು. ಆ ದಿನದವರೆಗೆ ಇರಾನ್ ಮಿತಿಗಳನ್ನು ಪಾಲಿಸುತ್ತಿದೆ ಎಂದೇ ಐಎಇಎ ವರದಿಗಳು ಹೇಳುತ್ತಿದ್ದವು. ಒಂದು ವರ್ಷ ಕಾದ ಇರಾನ್ 2019ರಿಂದ ಮಿತಿಗಳನ್ನು ಒಂದೊಂದಾಗಿ ಮೀರಿತು. 2021ರ ಏಪ್ರಿಲ್‌ನಲ್ಲಿ ಶೇ 60 ಮುಟ್ಟಿತು. 2022ರಲ್ಲಿ 27 ಕ್ಯಾಮೆರಾಗಳನ್ನು ಕಿತ್ತಿತು. ಇರಾನಿನದೂ ತಪ್ಪು. ಶೇ 60ರ ಯುರೇನಿಯಂ ಬಳಸುವ ವಿದ್ಯುತ್ ಸ್ಥಾವರ ಅದರ ಬಳಿ ಒಂದೂ ಇಲ್ಲ.

2025ರ ಜೂನ್ 13ರ ಹೊತ್ತಿಗೆ ಶೇ 60ರ ಯುರೇನಿಯಂ ದಾಸ್ತಾನು 440.9 ಕಿಲೋ ಆಗಿತ್ತು. ಲೋಹವಾಗಿಸಿದರೆ ಸುಮಾರು 23 ಲೀಟರ್ ಜಾಗ ಸಾಕು. ಇನ್ನಷ್ಟು ಸಂವರ್ಧಿಸಿದರೆ ಒಂದು ಬಾಂಬಿಗೆ ಇಂಥ 42 ಕಿಲೋ ಸಾಕೆಂಬುದು ಐಎಇಎಯ ಅಳತೆಗೋಲು. ಅಂದರೆ ಹತ್ತು ಬಾಂಬಿನ ಸರಕು. ಅಮೆರಿಕ ಮತ್ತು ಇರಾನ್ ನಡುವೆ ಒಮಾನಿನ ಮಧ್ಯಸ್ಥಿಕೆಯಲ್ಲಿ ಐದು ಸುತ್ತು ಮಾತು ಮುಗಿದು, ಆರನೆಯದು ಜೂನ್ 15ಕ್ಕೆ ಮಸ್ಕತ್‌ನಲ್ಲಿ ನಿಗದಿಯಾಗಿತ್ತು. ಅದಕ್ಕೆ ಎರಡು ದಿನ ಮೊದಲು ಇಸ್ರೇಲ್ ದಾಳಿ ಮಾಡಿತು. ಜೂನ್ 22ರಂದು ಮಿಸೌರಿಯಿಂದ 18 ಗಂಟೆ ಹಾರಿ ಬಂದ ಅಮೆರಿಕದ ಏಳು ಬಿ-2 ಬಾಂಬರ್ ವಿಮಾನಗಳು 14 ಬಾಂಬು ಹಾಕಿದವು. ಹನ್ನೆರಡು ಫೋರ್ಡೋ ಮೇಲೆ, ಎರಡು ನತಾಂಜ್ ಮೇಲೆ. ಒಂದೊಂದರ ತೂಕ ಸುಮಾರು 13,600 ಕಿಲೋ, ಒಟ್ಟು 190 ಟನ್. ಬೆದರಿಸಿದ ಯುರೇನಿಯಂನ ತೂಕಕ್ಕಿಂತ 430 ಪಟ್ಟು ಹೆಚ್ಚು.

ಕಟ್ಟಡ ಮುರಿಯಿತು, ಯಂತ್ರಗಳು ನುಚ್ಚಾದವು. ಲೆಕ್ಕವೂ ಮುರಿಯಿತು. ಇರಾನ್ ಐಎಇಎ ಜೊತೆಗಿನ ಸಹಕಾರ ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ಮರಳಿದವು. ಸಂಧಾನಕಾರರು ಒಂದು ಹಡಗಿನಲ್ಲಿ 11,000 ಕಿಲೋ ಸಾಗಿಸಿದರು. ಅದು ಎಲ್ಲಿಗೆ ಹೋಯಿತೆಂಬುದು ಜಗತ್ತಿಗೆ ಗೊತ್ತಿತ್ತು. ಬಾಂಬರುಗಳು ಒಂದು ಕಿಲೋವನ್ನೂ ಎಣಿಸಲಿಲ್ಲ, ಎಣಿಸುವುದು ಅವುಗಳಿಂದ ಆಗುವ ಕೆಲಸವೂ ಅಲ್ಲ. 440.9 ಕಿಲೋ ದಾಸ್ತಾನನ್ನು ಐದು ತಿಂಗಳಿನಿಂದ ಕಣ್ಣಾರೆ ಪರಿಶೀಲಿಸಲು ಸಾಧ್ಯವಾಗಿಲ್ಲ ಎಂದು 2025ರ ನವೆಂಬರ್‌ನಲ್ಲಿ ಐಎಇಎ ತನ್ನ ಸದಸ್ಯ ರಾಷ್ಟ್ರಗಳಿಗೆ ವರದಿ ಮಾಡಿತು.