ಡಿಜಿಲಾಕರ್‌ನಲ್ಲಿ 'ದಾಖಲೆ ಸಿಗಲಿಲ್ಲ' ಅಂದ್ರೆ ಏನರ್ಥ?

ಇವತ್ತಿನ ವಿಷಯ ಡಿಜಿಲಾಕರ್. 'ಅದೆಲ್ಲ ಗೊತ್ತು ಬಿಡಿ' ಅನ್ಬೇಡಿ. ಆಪ್ ಬಹಳ ಜನರ ಫೋನಲ್ಲಿದೆ. ಆದ್ರೆ ಅದರಲ್ಲಿ ಒಂದು ದಾಖಲೆ ಹುಡುಕಿದಾಗ ಒಳಗಡೆ ಏನು ನಡೆಯುತ್ತೆ ಅನ್ನೋದು ಗೊತ್ತಿದ್ರೆ ಅರ್ಧ ತಲೆನೋವು ಕಡಿಮೆ ಆಗುತ್ತೆ.

ರಾಯಚೂರು ಜಿಲ್ಲೆಯ ಮಲ್ಲಟದಲ್ಲಿರೋ ಒಬ್ಬ ಹುಡುಗಿ ಅಂದ್ಕೊಳ್ಳಿ. ಕೆಲಸದ ಅರ್ಜಿಗೆ ನಾಳೆಯೇ ಕೊನೇ ದಿನ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬೇಕು. ಮೂಲ ಪ್ರತಿ ಕಾಲೇಜಿನಲ್ಲಿ ಕೊಟ್ಟಿದ್ದಾಳೆ, ಕಾಲೇಜು ಇರೋದು ಮಾನ್ವಿಯಲ್ಲಿ. ಡಿಜಿಲಾಕರ್ ತೆಗೆದು ಹುಡುಕಿದ್ರೆ ದಾಖಲೆ ಸಿಗಲಿಲ್ಲ ಅಂತ ಬರುತ್ತೆ. 'ಏನ್ ಮಾಡ್ಲಿ ಅಣ್ಣ, ಸಿಗವಲ್ದು' ಅಂತ ಪಕ್ಕದ ಮನೆಯವರನ್ನ ಕೇಳ್ತಾಳೆ. ಅವರು 'ಕಳೆದುಹೋಗಿರಬೇಕು, ಹೊಸದಾಗಿ ಅರ್ಜಿ ಹಾಕು' ಅಂತಾರೆ. ಇಲ್ಲಿಗೇ ದಾರಿ ತಪ್ಪುತ್ತೆ. ಯಾಕಂದ್ರೆ 'ಸಿಗಲಿಲ್ಲ' ಅನ್ನೋದಕ್ಕೂ 'ಇಲ್ಲ' ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. 2015ರಲ್ಲಿ ಕೇಂದ್ರ ಸರ್ಕಾರ ಡಿಜಿಲಾಕರ್ ಶುರು ಮಾಡಿದಾಗಿನಿಂದ ಜನ ಅದನ್ನ ಬೀರು ಅಂತಲೇ ತಿಳ್ಕೊಂಡಿದ್ದಾರೆ. ಹೆಸರು ಲಾಕರ್ ಅಂತಾನೇ ಇದೆ, ತಪ್ಪಲ್ಲ. ಆದ್ರೆ ಅದರಲ್ಲಿ ಎರಡು ಖಾನೆ. ಒಂದರಲ್ಲಿ ನೀವೇ ಫೋಟೋ ತೆಗೆದೋ ಸ್ಕ್ಯಾನ್ ಮಾಡಿಯೋ ಹಾಕಿದ ಫೈಲ್‌ಗಳು ಇರ್ತವೆ. ಇದಕ್ಕೆ 1 ಜಿಬಿ ಜಾಗ. ಇನ್ನೊಂದು, ಇಲಾಖೆಗಳೇ ಕೊಟ್ಟ ದಾಖಲೆಗಳು, ಅಂದ್ರೆ ಇಶ್ಯೂಡ್ ಡಾಕ್ಯುಮೆಂಟ್ಸ್. ಈ ಎರಡನೇ ಖಾನೆಯಲ್ಲಿ ನಿಮ್ಮ ಮಾರ್ಕ್ಸ್ ಕಾರ್ಡ್ ನಿಜಕ್ಕೂ ಕೂತಿರೋದಿಲ್ಲ. ಅದು ಪರೀಕ್ಷಾ ಮಂಡಳಿಯ ಕಂಪ್ಯೂಟರ್‌ನಲ್ಲೇ ಇರುತ್ತೆ. ಡಿಜಿಲಾಕರ್ ಹತ್ರ ಇರೋದು ಅದರ ವಿಳಾಸ ಮಾತ್ರ.

ಆ ವಿಳಾಸಕ್ಕೆ ಯುಆರ್‌ಐ ಅಂತಾರೆ. ಅದರಲ್ಲಿ ಮೂರು ಭಾಗ: ಕೊಟ್ಟ ಇಲಾಖೆಯ ಗುರುತು, ದಾಖಲೆ ಯಾವ ಬಗೆಯದು ಅನ್ನೋ ಐದಕ್ಷರದ ಕೋಡ್, ಕೊನೆಗೆ ಆ ದಾಖಲೆಯ ಸಂಖ್ಯೆ. ಡ್ರೈವಿಂಗ್ ಲೈಸೆನ್ಸ್ ಆದ್ರೆ ಕೋಡ್ 'ಡಿಆರ್‌ವಿಎಲ್‌ಸಿ'. ಊರು, ಓಣಿ, ಮನೆ ನಂಬರ್ ಇದ್ದ ಹಾಗೆ.

ಈಗ ಹುಡುಕೋ ಕೆಲಸಕ್ಕೆ ಬರೋಣ. ನೀವು ಇಲಾಖೆ ಆರಿಸಿ, ರಿಜಿಸ್ಟರ್ ನಂಬರ್ ಮತ್ತು ವರ್ಷ ಹಾಕಿ ಬಟನ್ ಒತ್ತುತ್ತೀರಿ. ಆಗ ಡಿಜಿಲಾಕರ್ ಆ ಇಲಾಖೆಯ ಕಂಪ್ಯೂಟರ್‌ಗೆ ಒಂದು ಚೀಟಿ ಕಳಿಸುತ್ತೆ. ಒಂದು ಕಂಪ್ಯೂಟರ್ ಇನ್ನೊಂದನ್ನ ಹೀಗೆ ಕೇಳೋ ವ್ಯವಸ್ಥೆಗೆ ವೆಬ್ ಸರ್ವಿಸ್ ಅಥವಾ ಎಪಿಐ ಅಂತ ಹೆಸರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ರೆಕಾರ್ಡ್ ರೂಮಿಗೆ ಚೀಟಿ ಕಳಿಸ್ತಾರಲ್ಲ, ಹಾಗೇ. ಚೀಟಿಯಲ್ಲಿ ನೀವು ಹಾಕಿದ ನಂಬರ್ ಅಷ್ಟೇ ಅಲ್ಲ, ನಿಮ್ಮ ಆಧಾರ್‌ನಲ್ಲಿರೋ ಹೆಸರು, ಹುಟ್ಟಿದ ದಿನಾಂಕವೂ ಹೋಗುತ್ತೆ. ಆ ಕಡೆಯ ಕಂಪ್ಯೂಟರ್ ನಂಬರ್ ನೋಡಿ ದಾಖಲೆ ತೆಗೆಯುತ್ತೆ, ಅದರಲ್ಲಿರೋ ಹೆಸರನ್ನ ಚೀಟಿಯ ಹೆಸರಿನ ಜೊತೆ ಹೋಲಿಸುತ್ತೆ. ಹೊಂದಿದ್ರೆ ವಿಳಾಸ ಕೊಡುತ್ತೆ. ಹೊಂದದಿದ್ರೆ ಕೊಡಲ್ಲ.

ಇದು ಒಳ್ಳೇದಕ್ಕೇ ಮಾಡಿದ್ದು. ಇಲ್ಲದಿದ್ರೆ ನಿಮ್ಮ ರಿಜಿಸ್ಟರ್ ನಂಬರ್ ಗೊತ್ತಿರೋ ಯಾರು ಬೇಕಾದ್ರೂ ನಿಮ್ಮ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಬಹುದಿತ್ತು. ಆದ್ರೆ ನಮ್ಮ ಹೆಸರುಗಳ ಕತೆ ನಿಮಗೆ ಗೊತ್ತಲ್ಲ. ಶರಣಮ್ಮ ಅನ್ನೋ ಹೆಸರನ್ನ ಕನ್ನಡದಲ್ಲಿ ಒಂದೇ ಥರ ಬರೀತೀವಿ. ಇಂಗ್ಲಿಷ್‌ಗೆ ಬಂದ್ರೆ ಶಾಲೆಯವರು ಒಂದು 'ಎಚ್' ಸೇರಿಸಿರ್ತಾರೆ, ಆಧಾರ್ ಮಾಡಿಸಿದ ಕಡೆ ಬಿಟ್ಟಿರ್ತಾರೆ. ಒಂದರಲ್ಲಿ ಅಪ್ಪನ ಹೆಸರು ಹಿಂದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಮನುಷ್ಯರಿಗೆ ಇದು ಒಬ್ಬಳೇ ಶರಣಮ್ಮ ಅಂತ ಗೊತ್ತಾಗುತ್ತೆ. ಕಂಪ್ಯೂಟರ್‌ಗೆ ಇಬ್ಬರು.

ಹಾಗಾಗಿ 'ಸಿಗಲಿಲ್ಲ' ಅಂತ ಬಂದ್ರೆ ಗಾಬರಿ ಆಗ್ಬೇಡಿ, ಒಂದೊಂದಾಗಿ ನೋಡಿ. ಇಲಾಖೆ ಸರಿಯಾಗಿ ಆರಿಸಿದ್ದೀರಾ? ಎಸ್ಸೆಸ್ಸೆಲ್ಸಿ ಅಂದ್ರೆ ಕರ್ನಾಟಕದ ಮಂಡಳಿ. ಗಡಿ ದಾಟಿ ತೆಲಂಗಾಣದಲ್ಲಿ ಓದಿದ್ರೆ ಅಲ್ಲಿನ ಮಂಡಳಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಪತ್ರದ ಮೇಲಿರೋ ಆರ್‌ಡಿ ನಂಬರ್ ಬೇಕು. ಅರ್ಜಿಯ ನಂಬರ್, ಅರ್ಜಿ ಹಾಕಿದ ರಸೀದಿ ನಂಬರ್ ಹಾಕಿದ್ರೆ ಬರಲ್ಲ. ಪರೀಕ್ಷೆ ಬರೆದ ವರ್ಷ ಸರಿ ಇದೆಯಾ? ಇವೆಲ್ಲ ಸರಿ ಇದ್ದೂ ಬರಲಿಲ್ಲ ಅಂದ್ರೆ ಆಧಾರ್ ಹೆಸರನ್ನ, ದಾಖಲೆಯ ಹೆಸರನ್ನ ಅಕ್ಷರ ಅಕ್ಷರ ಹೋಲಿಸಿ. ಅದೂ ಸರಿ ಇದ್ರೆ ರಾತ್ರಿ ಇನ್ನೊಮ್ಮೆ ನೋಡಿ. ಇಲಾಖೆಯ ಸರ್ವರ್ ನಿಂತಿದ್ರೂ ಉತ್ತರ ಬರಲ್ಲ. ಫಲಿತಾಂಶದ ದಿನ, ಅರ್ಜಿಯ ಕೊನೇ ದಿನ ಇದು ಜಾಸ್ತಿ.

ಹೆಸರೇ ತಪ್ಪಿದ್ರೆ? ಡಿಜಿಲಾಕರ್‌ನವರು ಅದನ್ನ ತಿದ್ದೋಕಾಗಲ್ಲ, ಅವರ ಹತ್ರ ದಾಖಲೆನೇ ಇಲ್ಲವಲ್ಲ. ಮಾರ್ಕ್ಸ್ ಕಾರ್ಡ್ ತಪ್ಪಿದ್ರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನ ಕಾಣಬೇಕು. ಆಧಾರ್ ತಪ್ಪಿದ್ರೆ ಆಧಾರ್ ಕೇಂದ್ರಕ್ಕೆ ಹೋಗಬೇಕು. ಒಂದು ಎಚ್ಚರಿಕೆ: ಆಧಾರ್‌ನಲ್ಲಿ ಹೆಸರನ್ನ ಜೀವನದಲ್ಲಿ ಎರಡೇ ಸಲ, ಹುಟ್ಟಿದ ದಿನಾಂಕವನ್ನ ಒಂದೇ ಸಲ ಬದಲಿಸೋಕೆ ಸಾಮಾನ್ಯವಾಗಿ ಅವಕಾಶ. ಅದಕ್ಕೇ ಮೊದಲು ಎಲ್ಲ ದಾಖಲೆ ಎದುರಿಗೆ ಹರಡಿಕೊಂಡು, ಯಾವ ಹೆಸರನ್ನ ಉಳಿಸ್ಕೋಬೇಕು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿ. ನನ್ನ ಸಲಹೆ, ಎಸ್ಸೆಸ್ಸೆಲ್ಸಿ ಕಾರ್ಡ್ ಸರಿ ಇದ್ರೆ ಅದನ್ನೇ ಆಧಾರ ಮಾಡ್ಕೊಳ್ಳಿ, ಕೆಲಸದ ಅರ್ಜಿಗಳಲ್ಲಿ ಹೆಚ್ಚಾಗಿ ಅದನ್ನೇ ನೋಡ್ತಾರೆ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕು ಇದೆ. ಡಿಜಿಲಾಕರ್‌ನಲ್ಲಿ ಆಧಾರ್ ಖಚಿತ ಮಾಡೋಕೆ ಒಟಿಪಿ ಬೇಕು, ಅದು ಆಧಾರ್‌ಗೆ ಜೋಡಿಸಿದ ನಂಬರ್‌ಗೆ ಬರುತ್ತೆ. ದೇವದುರ್ಗ, ಮಾನ್ವಿ ಕಡೆ ಎಷ್ಟೋ ಮನೆಗಳಲ್ಲಿ ಎಲ್ಲರ ಆಧಾರ್‌ಗೂ ಅಪ್ಪನದೇ ನಂಬರ್. ಅಪ್ಪ ಗುಳೆ ಹೋಗಿ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ರೆ ಒಟಿಪಿ ಓದಿ ಹೇಳೋಕೂ ಯಾರಿಲ್ಲ. ನಿಮ್ಮದೇ ನಂಬರ್ ಜೋಡಿಸ್ಕೊಳ್ಳಿ, ಈ ವಾರವೇ. ಕಲ್ಯಾಣ ಕರ್ನಾಟಕದವರು 371ಜೆ ಮೀಸಲಾತಿ ಕೇಳೋಕೆ ಬೇರೆ ಜಿಲ್ಲೆಯವರಿಗಿಂತ ಒಂದು ಪ್ರಮಾಣಪತ್ರ ಜಾಸ್ತಿನೇ ಜೋಡಿಸ್ಬೇಕು. ಅದರಲ್ಲೂ ಹೆಸರು ಇದೇ ಥರ ಇರಲಿ.

'ಫೋನಲ್ಲಿರೋದನ್ನ ಒಪ್ತಾರಾ?' ಇದು ಎಲ್ಲರೂ ಕೇಳೋ ಪ್ರಶ್ನೆ. 2017ರಲ್ಲಿ ನಿಯಮ ತಿದ್ದಿ, ಡಿಜಿಲಾಕರ್ ಮೂಲಕ ಇಲಾಖೆ ಕೊಟ್ಟ ದಾಖಲೆ ಮೂಲ ದಾಖಲೆಗೆ ಸಮ ಅಂತ ಹೇಳಿದ್ದಾರೆ. ಲೈಸೆನ್ಸ್, ಆರ್‌ಸಿ ತೋರಿಸೋಕೆ 2018ರಲ್ಲಿ ಮೋಟಾರು ವಾಹನ ನಿಯಮಗಳಿಗೂ ತಿದ್ದುಪಡಿ ಬಂತು. ನೆನಪಿಡಿ, ಈ ಬೆಲೆ ಇಶ್ಯೂಡ್ ಖಾನೆಗೆ ಮಾತ್ರ. ನೀವೇ ಫೋಟೋ ತೆಗೆದು ಹಾಕಿದ್ದು ಬರೀ ಫೋಟೋನೇ.

ಕೊನೇ ಮಾತು. ಅಂಗಡಿಯಲ್ಲಿ ಬೇರೆಯವರ ಕಂಪ್ಯೂಟರ್‌ನಲ್ಲಿ ಲಾಗಿನ್ ಆದ್ರೆ ಎದ್ದು ಬರೋ ಮುಂಚೆ ಲಾಗೌಟ್ ಮಾಡಿ, ಆರಂಕಿ ಪಿನ್ ಯಾರಿಗೂ ಹೇಳ್ಬೇಡಿ. ದಾಖಲೆ ಇಲಾಖೆಯಿಂದ ಬರೋದ್ರಿಂದ ನೆಟ್‌ವರ್ಕ್ ಬೇಕು. ಸಿಗ್ನಲ್ ಇರೋ ಕಡೆ ಮೊದಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಅರ್ಜಿ ಕರೆದ ಮೇಲೆ ಹುಡುಕೋದಲ್ಲ. ಇವತ್ತೇ ನಿಮ್ಮದೊಂದು, ಮನೆಯ ತಮ್ಮ-ತಂಗಿಯರದೊಂದು ಹುಡುಕಿ ನೋಡಿ. ತಪ್ಪಿದ್ರೆ ತಿದ್ದೋಕೆ ಟೈಮ್ ಇರುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.